ಕುಲಪ್ರಶ್ನೆ: ಅರ್ಜಿಯ ನಮೂನೆಯನ್ನು ಕುರಿತ ಒಂದು ವಿಮರ್ಶೆ

ಅರ್ಜಿಯ ನಮೂನೆಯನ್ನು ಸಾಹಿತ್ಯವೆಂದು ಇದುವರೆಗೆ ಯಾರೂ ಎಣಿಸಿದಂತಿಲ್ಲ. ಲಾಕ್ಷಣಿಕರು ವಾಙ್ಮಯವನ್ನು ಗದ್ಯ, ಪದ್ಯ, ಮಿಶ್ರವೆಂದು ವಿಂಗಡಿಸಿದರೇ ಹೊರತು, ಅರ್ಧವನ್ನು ತಾನು ಬರೆದು ಉಳಿದರ್ಧವನ್ನು ಓದುವವನ ಕೈಯಿಂದಲೇ ಬರೆಯಿಸಿಕೊಳ್ಳುವ ನಾಲ್ಕನೆಯ ಪ್ರಕಾರವೊಂದು ಹುಟ್ಟೀತೆಂದು ಊಹಿಸಲಿಲ್ಲ. ಆದರೆ ನಮ್ಮ ಬಿ.ಜಿ. ಕೆರೆಯಂತಹ ಊರಿನಲ್ಲಿ ಪದವಿ ಮುಗಿಸಿದ ಹುಡುಗನು ಪಂಪರನ್ನರಿಗಿಂತ ಹೆಚ್ಚಾಗಿ, ಹೆಚ್ಚು ಭಯಭಕ್ತಿಗಳಿಂದ ಓದುವುದು ಈ ನಾಲ್ಕನೆಯ ಪ್ರಕಾರವನ್ನೇ. ಕಂಪ್ಯೂಟರಿನ ಅಂಗಡಿಯಲ್ಲಿ ಕುಳಿತು, ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖುಗಳನ್ನು ಅವನು ಸಲೀಸಾಗಿ ತುಂಬುತ್ತಾನೆ. ‘ಜಾತಿ’ ಎಂಬ ಮನೆಗೆ ಬಂದಾಗ ಮಾತ್ರ ಅವನ ದನಿ ತಗ್ಗುತ್ತದೆ, ಇಲ್ಲವೆ ಪಕ್ಕದಲ್ಲಿ ಕುಳಿತವನು ಯಾರೆಂದು ಒಮ್ಮೆ ನೋಡಿಕೊಳ್ಳುತ್ತಾನೆ. ಒಂದು ಪದವು ಓದುಗನಲ್ಲಿ ಇಷ್ಟು ವಿಕಾರವನ್ನು ಉಂಟುಮಾಡಬಲ್ಲದಾದರೆ ಅದನ್ನು ವಿಮರ್ಶಿಸುವುದು ಸಾಹಿತ್ಯ ಪತ್ರಿಕೆಯ ಧರ್ಮಕ್ಕೆ ಹೊರಗಾದುದಲ್ಲವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಪದವನ್ನೇ ನೋಡೋಣ. ‘ಜಾತಿ’ ಎಂಬುದು ನಮ್ಮ ಶಾಸ್ತ್ರಗಳಲ್ಲಿ ಬಹಳ ಮನೆ ತಿರುಗಿದ ಪದ. ಛಂದಸ್ಸಿನಲ್ಲಿ ಮಾತ್ರೆಗಳ ಲೆಕ್ಕದಿಂದ ಆಗುವ ಪದ್ಯಕ್ಕೆ ಜಾತಿಯೆಂದು ಹೆಸರು. ಅಲಂಕಾರದಲ್ಲಿ ದಂಡಿಯು ಸ್ವಭಾವೋಕ್ತಿಗೆ ಅದೇ ಹೆಸರನ್ನು ಕೊಟ್ಟಿದ್ದಾನೆ. ತೋಟಕ್ಕೆ ಹೋದರೆ ಅದು ಜಾಜಿಯ ಹೂವು. ನೈಯಾಯಿಕರು ಹಸುಗಳೆಲ್ಲದರಲ್ಲಿಯೂ ಸಮಾನವಾಗಿರುವ ಗೋತ್ವವನ್ನು ಜಾತಿಯೆನ್ನುತ್ತಾರೆ. ಅದೇ ನ್ಯಾಯಸೂತ್ರದ ಹದಿನಾರು ಪದಾರ್ಥಗಳ ಪಟ್ಟಿಯಲ್ಲಿ ಜಾತಿಯೆಂದರೆ ಬೇರೊಂದು ವಸ್ತು: ವಾದದಲ್ಲಿ ಸೋಲುವವನು ಸಾಮ್ಯವೈಷಮ್ಯಗಳನ್ನು ತೋರಿಸಿ ಒಡ್ಡುವ ಹುಸಿ ಉತ್ತರ. ಅಂತಹವು ಇಪ್ಪತ್ತನಾಲ್ಕು ಬಗೆಯೆಂದು ಗೌತಮನು ಎಣಿಸಿದ್ದಾನೆ. ನಮ್ಮ ಅರ್ಜಿಗಳಲ್ಲಿರುವ ಪಟ್ಟಿಯ ಮುಂದೆ ಇಪ್ಪತ್ತನಾಲ್ಕು ತೀರ ಸಣ್ಣ ಸಂಖ್ಯೆ.

ಇರಲಿ. ನಮೂನೆಯು ಈ ಪದವೊಂದರಿಂದಲೇ ತೃಪ್ತವಾಗುವುದಿಲ್ಲ. ಜಾತಿಯಾದ ಮೇಲೆ ಉಪಜಾತಿ, ಅದರ ಮೇಲೆ ಪ್ರವರ್ಗ. ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳನ್ನು ವಿಭಾಗಿಸಿರುವುದು ವಾಚಕರಿಗೆ ವಿದಿತವೇ. ಹಿಂದಿನವರು ಪ್ರವರವನ್ನು ಹೇಳುತ್ತಿದ್ದರು, ಇಂದಿನವರು ಪ್ರವರ್ಗವನ್ನು ಹೇಳುತ್ತಾರೆ. ಅಂತರವಾದರೂ ಒಂದು ಗಕಾರದ್ದು. ಇವೆಲ್ಲಕ್ಕಿಂತ ನನ್ನನ್ನು ಬಾಧಿಸಿರುವುದು ‘ಸಾಮಾನ್ಯ ಅರ್ಹತೆ’ ಎಂಬ ಪದಪುಂಜ. ಕಾಯಿದೆಯ ಪ್ರಕಾರ ಅದು ಯಾವ ಜಾತಿಯ ಹೆಸರೂ ಅಲ್ಲ. ಎಲ್ಲರಿಗೂ ತೆರೆದಿರುವ ಸ್ಥಾನಗಳ ಹೆಸರು. ಮೀಸಲು ವರ್ಗದವನು ತನ್ನ ಅಂಕಗಳ ಬಲದಿಂದಲೇ ಅಲ್ಲಿಗೆ ಬಂದರೆ ಅವನನ್ನು ಮೀಸಲಿನ ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲವೆಂದು 1992ರಲ್ಲಿ ಇಂದ್ರಾ ಸಾಹ್ನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಆದರೆ ನಮೂನೆಯಲ್ಲಿ ಈ ಪದವು ಪ್ರವರ್ಗಗಳ ಸಾಲಿನಲ್ಲಿಯೇ ಅವುಗಳಿಗೆ ಸಮನಾಗಿ ನಿಂತಿದೆ. ಓದುವವನು ಏನೆಂದು ತಿಳಿಯಬೇಕು? ಅರ್ಹತೆಯೆಂಬುದು ಕೆಲವರ ಕುಲಧನ, ಉಳಿದವರಿಗೆ ಅದು ಸಲ್ಲದು ಎಂದೇ ಅರ್ಥವಾಗುತ್ತದೆ. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ‘ನಾನು ಎಸ್.ಟಿ., ನನಗೆ ಮೆರಿಟ್ ಇಲ್ಲ’ ಎಂದು ತನ್ನನ್ನು ಪರಿಚಯ ಮಾಡಿಕೊಂಡುದನ್ನು ಕೇಳಿದ್ದೇನೆ. ಅವಳ ಅಂಕಗಳು ತೊಂಬತ್ತಕ್ಕೆ ಮೇಲಿದ್ದುವು. ಇದು ಹುಡುಗಿಯ ದೋಷವಲ್ಲ, ವಾಕ್ಯದೋಷ. ಶಬ್ದಪ್ರಯೋಗದ ಅಜಾಗರೂಕತೆಯಿಂದ ಅನಿಷ್ಟಾರ್ಥವು ಹೊರಡುವುದನ್ನು ಕಾವ್ಯದಲ್ಲಿ ನಾವು ಕ್ಷಮಿಸುವುದಿಲ್ಲ. ಸರ್ಕಾರದವರ ಬರಹದಲ್ಲಿ ಏಕೆ ಕ್ಷಮಿಸಬೇಕು?

ಈಗ ಪ್ರಶ್ನೆಗೆ ಬರೋಣ. ಉದ್ಯೋಗವನ್ನೋ ವಿದ್ಯೆಯನ್ನೋ ಬೇಡಿ ಬಂದವನನ್ನು ‘ನಿನ್ನ ಕುಲವಾವುದು?’ ಎಂದು ಕೇಳುವುದು ಸರಿಯೇ, ತಪ್ಪೇ? ಸಭೆಗಳಲ್ಲಿ ಇದಕ್ಕೆ ಸುಲಭವಾದ ಉತ್ತರ ದೊರೆಯುತ್ತದೆ. ಆದಿಪುರಾಣದಲ್ಲಿ ಪಂಪನು ಮನುಷ್ಯರೆಲ್ಲರದೂ ಒಂದೇ ಜಾತಿಯೆಂದು ಹೇಳಿರುವ ಮಾತನ್ನು ಉದ್ಘೋಷಿಸಿ, ಕರತಾಡನವಾದ ಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ. ಆದರೆ ನಮ್ಮ ಪ್ರಾಚೀನರು ಈ ಪ್ರಶ್ನೆಯನ್ನು ಇಷ್ಟು ಅಗ್ಗವಾಗಿ ಬಿಡಲಿಲ್ಲ. ಅರ್ಜಿದಾರರು ಮೂವರ ಕಥೆಗಳು ನಮ್ಮಲ್ಲಿವೆ, ಅವನ್ನು ಒಟ್ಟಿಗೆ ಓದಬೇಕು.

ಮೊದಲನೆಯದು ಛಾಂದೋಗ್ಯದ ಸತ್ಯಕಾಮನದು. ಬ್ರಹ್ಮಚರ್ಯಕ್ಕಾಗಿ ಬಂದ ಹುಡುಗನನ್ನು ಹಾರಿದ್ರುಮತ ಗೌತಮನು ಗೋತ್ರವನ್ನು ಕೇಳುತ್ತಾನೆ. ತಾಯಿ ಜಬಾಲೆ ಏನು ಹೇಳಿದ್ದಳೋ ಅದನ್ನೇ ಹುಡುಗನು ಒಪ್ಪಿಸುತ್ತಾನೆ: ಯೌವನದಲ್ಲಿ ಹಲವು ಕಡೆ ಸೇವೆಯಲ್ಲಿ ತಿರುಗುತ್ತಿದ್ದಾಗ ಪಡೆದ ಮಗ, ಗೋತ್ರ ತಿಳಿಯದು. ಇಂತಹ ಋಜುವಾದ ಮಾತು ಬ್ರಾಹ್ಮಣನಲ್ಲದವನಿಂದ ಬರಲಾರದೆಂದು ಗೌತಮನು ಅವನನ್ನು ಉಪನಯನ ಮಾಡಿ, ಬಡಕಲು ಹಸುಗಳು ನಾನೂರನ್ನು ಮುಂದೆ ಮಾಡಿ ಕಾಯಲು ಕಳುಹಿಸುತ್ತಾನೆ. ಈ ಕಥೆಯನ್ನು ಔದಾರ್ಯದ ದೃಷ್ಟಾಂತವೆಂದು ಇಂದು ಎಲ್ಲರೂ ಉದಾಹರಿಸುತ್ತಾರೆ. ಪಾಠಶಾಲೆಯಲ್ಲಿ ಬ್ರಹ್ಮಸೂತ್ರದವರೆಗೆ ಓದಿದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಅಪಶೂದ್ರಾಧಿಕರಣದಲ್ಲಿ, ಅಂದರೆ ಶೂದ್ರನಿಗೆ ವೇದವಿದ್ಯೆಯಲ್ಲಿ ಅಧಿಕಾರವಿಲ್ಲವೆಂದು ಸಾಧಿಸುವ ಪ್ರಕರಣದಲ್ಲಿ, ಸೂತ್ರಕಾರನು ಇದೇ ಕಥೆಯನ್ನು ಸಾಕ್ಷಿಯಾಗಿ ತರುತ್ತಾನೆ: ಶೂದ್ರನಲ್ಲವೆಂದು ನಿಶ್ಚಯವಾದ ಮೇಲೆಯೇ ಗೌತಮನು ಪ್ರವೃತ್ತನಾದನು, ನೋಡಿರಿ ಎಂದು. ಬಾಗಿಲು ತೆರೆದುದಕ್ಕೆ ದೃಷ್ಟಾಂತವೆಂದು ನಾವು ಹೇಳುವ ಕಥೆಯೇ ಬಾಗಿಲು ಮುಚ್ಚುವುದಕ್ಕೆ ಪ್ರಮಾಣವಾಯಿತು. ಒಂದೇ ಪ್ರಶ್ನೆ, ಒಂದೇ ಉತ್ತರ. ಫಲವಾದರೋ ಓದಿದವನ ಉದ್ದೇಶವನ್ನು ಅನುಸರಿಸಿತು.

ಎರಡನೆಯ ಅರ್ಜಿದಾರನು ಕರ್ಣ. ಅಸ್ತ್ರವಿದ್ಯಾಪ್ರದರ್ಶನದ ರಂಗದಲ್ಲಿ ಅರ್ಜುನನಿಗೆ ಸಮನಾಗಿ ತೋರಿಸಿದವನನ್ನು ಕೃಪಾಚಾರ್ಯನು ತಾಯಿ ಯಾರು, ತಂದೆ ಯಾರು, ಯಾವ ವಂಶವೆಂದು ಕೇಳುತ್ತಾನೆ. ಇಲ್ಲಿ ಗಮನಿಸಬೇಕಾದುದು ಪ್ರಶ್ನೆ ಬಂದ ಸಮಯ. ಕರ್ಣನು ರಂಗಕ್ಕೆ ಬಂದಾಗ ಯಾರೂ ಕೇಳಲಿಲ್ಲ, ವಿದ್ಯೆಯನ್ನು ತೋರಿಸುತ್ತಿದ್ದಾಗಲೂ ಕೇಳಲಿಲ್ಲ. ಗೆಲ್ಲುವನೇನೋ ಎಂದು ಕಂಡಾಗ ಕೇಳಿದರು. ಅವನು ತಲೆ ತಗ್ಗಿಸುತ್ತಾನೆ. ಪಂಪನ ದುರ್ಯೋಧನನು ಆಗ ಪರಾಕ್ರಮವನ್ನುಳಿದು ಬೇರೆ ಕುಲವುಂಟೇ ಎಂದು ಗರ್ಜಿಸಿ ಅಂಗರಾಜ್ಯದ ಪಟ್ಟವನ್ನು ಕಟ್ಟುತ್ತಾನೆ. ಮಾತು ದೊಡ್ಡದು, ಆದರೆ ದುರ್ಯೋಧನನಿಗೆ ಅರ್ಜುನನ ಮೇಲೆ ಒಬ್ಬ ಬಿಲ್ಲಾಳು ಬೇಕಾಗಿತ್ತೆಂಬುದನ್ನೂ ಮರೆಯಲಾಗದು. ಚುನಾವಣೆಯ ಕಾಲದಲ್ಲಿ ಪಟ್ಟ ಕಟ್ಟುವವರನ್ನು ನಾವು ಕಾಣದವರೇನಲ್ಲ. ಮೇಲಾಗಿ, ರಾಜ್ಯ ಬಂದರೂ ಪ್ರಶ್ನೆ ತೊಲಗಲಿಲ್ಲ. ಭೀಷ್ಮನಿಗೆ ಸೇನಾಪತ್ಯವನ್ನು ಕಟ್ಟುವ ಸಂದರ್ಭದಲ್ಲಿ ಕರ್ಣನು ಆಕ್ಷೇಪಿಸಲು, ದ್ರೋಣನು ಪುನಃ ಅವನ ಕುಲವನ್ನೆತ್ತಿ ಆಡುತ್ತಾನೆ; ಛಲವೂ ಗುಣವೂ ಅಭಿಮಾನವೂ ತನ್ನ ಕುಲವೆಂದು ಕರ್ಣನು ಕೊಡುವ ಉತ್ತರವು ಕನ್ನಡದಲ್ಲಿ ಪ್ರಸಿದ್ಧವಾದುದು. ಪ್ರಸಿದ್ಧಿಯ ಭರದಲ್ಲಿ ನಾವು ಮರೆಯುವುದೇನೆಂದರೆ, ಅದು ಹತ್ತಾರು ವರ್ಷ ರಾಜನಾಗಿದ್ದವನು ಕೊಡಬೇಕಾಗಿ ಬಂದ ಉತ್ತರ.

ಮೂರನೆಯ ಕಥೆ ಅವನದೇ. ಪರಶುರಾಮನಲ್ಲಿ ಬ್ರಾಹ್ಮಣನೆಂದು ಹೇಳಿಕೊಂಡು ಅಸ್ತ್ರಗಳನ್ನು ಪಡೆದನು. ಕೀಟವು ತೊಡೆಯನ್ನು ಕೊರೆದಾಗ ನೋವನ್ನು ಸಹಿಸಿದುದರಿಂದಲೇ ಸಿಕ್ಕಿಬಿದ್ದು ಶಾಪವನ್ನು ಪಡೆದನು. ಇದನ್ನು ಸುಳ್ಳು ಜಾತಿ ಪ್ರಮಾಣಪತ್ರದ ಆದಿಕಥೆಯೆನ್ನಬಹುದು. ಸುಳ್ಳು ಹೇಳಿದವನಿಗೆ ಶಾಪವು ತಕ್ಕದ್ದೇ. ಇಂದಾದರೂ, ತಮ್ಮದಲ್ಲದ ಜಾತಿಯ ಪತ್ರವನ್ನು ತಂದು ಬಡವನ ಸ್ಥಾನವನ್ನು ಕಸಿಯುವವರ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಆದರೆ ಆ ಕಥೆಯಲ್ಲಿ ಸುಳ್ಳು ಯಾರಿಂದ ಏನನ್ನೂ ಕಸಿಯಲಿಲ್ಲ. ವಿದ್ಯೆಯನ್ನು ಒಂದು ಕುಲಕ್ಕೆ ಮಾತ್ರ ಕೊಡುವೆನೆಂದ ಗುರುವಿನ ನಿಯಮವೇ ಆ ಸುಳ್ಳನ್ನು ಹೆತ್ತಿತು.

ಮೂರೂ ಕಥೆಗಳಲ್ಲಿ ಪ್ರಶ್ನೆ ಒಂದೇ ಆದರೂ ಅದರ ಯೋಗ್ಯತೆ ಬೇರೆಬೇರೆ. ಕೇಳುವವನು ಯಾರು, ಯಾವಾಗ ಕೇಳಿದನು, ಉತ್ತರವನ್ನು ಏನು ಮಾಡುತ್ತಾನೆ ಎಂಬುದರಿಂದ ಕುಲಪ್ರಶ್ನೆಯ ನ್ಯಾಯಾನ್ಯಾಯಗಳು ತೀರ್ಮಾನವಾಗತಕ್ಕವು. ಈ ದೃಷ್ಟಿಯಿಂದ ನಮ್ಮ ನಾಡಿನ ಚರಿತ್ರೆಯನ್ನು ನೋಡಿದರೆ, ಪ್ರಶ್ನೆಯು ಒಂದು ಶತಮಾನದಲ್ಲಿ ತನ್ನ ಉದ್ದೇಶವನ್ನೇ ತಿರುಗಿಸಿಕೊಂಡ ವಿಚಿತ್ರವು ಕಾಣುತ್ತದೆ. ಕೆರೆ, ಬಾವಿ, ಶಾಲೆಯ ಜಗುಲಿಗಳಲ್ಲಿ ದೂರವಿಡುವುದಕ್ಕಾಗಿ ಕೇಳುತ್ತಿದ್ದ ಮಾತನ್ನು, ಒಳಗೆ ಕರೆಯುವುದಕ್ಕಾಗಿ ಕೇಳಲು ಮೈಸೂರು ಸಂಸ್ಥಾನವು ತೊಡಗಿದುದು 1918ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ, ಕೆಳದರ್ಜೆಯವುಗಳಲ್ಲಿ ಮೂರರಲ್ಲೆರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಆ ಸಮಿತಿ ಸೂಚಿಸಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ನೀತಿ ಸಮ್ಮತವಿರಲಿಲ್ಲ; ಅವರು ಅಧಿಕಾರದಿಂದ ಹೊರಬಂದರು. ಆ ಮಹನೀಯರ ಮೇಲೆ ನಮ್ಮವರಿಗಿರುವ ಗೌರವವು ಯುಕ್ತವೇ. ಆದರೆ ಈ ವಿಷಯದಲ್ಲಿ ಮಹಾರಾಜರ ದೃಷ್ಟಿಯೇ ದೂರ ಹೋಗುವುದಾಗಿತ್ತೆಂದು ನನ್ನ ಅಭಿಪ್ರಾಯ. ಜಾತಿಯನ್ನು ಕೇಳದೆ ಇದ್ದುದರಿಂದ ಕಚೇರಿಗಳಲ್ಲಿ ಜಾತಿ ಇಲ್ಲವಾಗಿರಲಿಲ್ಲ; ಒಂದೇ ಜಾತಿ ಇತ್ತು ಅಷ್ಟೆ.

ಕೇಳದೆಯೇ ನ್ಯಾಯ ದೊರಕಿಸಬಹುದೇ ಎಂಬ ಪ್ರಯೋಗವೂ ಇಲ್ಲಿ ನಡೆದುಹೋಗಿದೆ. ಇದನ್ನು ಇಂದಿನವರು ಬಹುಮಟ್ಟಿಗೆ ಮರೆತಿದ್ದಾರೆ. ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಮೀಸಲಿರಿಸಿದ್ದ ಮೈಸೂರು ಸರ್ಕಾರದ ಆಜ್ಞೆಯನ್ನು 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಜಾತಿಯೊಂದನ್ನೇ ಅಳತೆಗೋಲಾಗಿ ಹಿಡಿಯಕೂಡದೆಂದಿತು. ಅನಂತರ ಸರ್ಕಾರದವರು ಹಿಂದುಳಿದವರನ್ನು ಗುರುತಿಸುವಾಗ ಜಾತಿಯನ್ನು ಬಿಟ್ಟು, ಕುಟುಂಬದ ವಾರ್ಷಿಕ ವರಮಾನ 1,200 ರೂಪಾಯಿಗೆ ಮೀರದಿರುವುದನ್ನೂ, ಬೇಸಾಯ, ಕುಶಲಕರ್ಮ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಮೈಗೆಲಸ ಇವುಗಳಲ್ಲೊಂದು ವೃತ್ತಿಯಾಗಿರುವುದನ್ನೂ ಲಕ್ಷಣವಾಗಿಟ್ಟರು. 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಅದಕ್ಕೆ ಮನ್ನಣೆಯೂ ದೊರೆಯಿತು. ಓದಲು ಇದಕ್ಕಿಂತ ನಿರ್ಮಲವಾದ ನಮೂನೆ ಇಲ್ಲ. ಆದರೆ ಜಮೀನಿನ ಒಡೆಯನೂ ‘ಬೇಸಾಯ’ವೆಂದು ಬರೆಯಬಲ್ಲ, ಅವನ ಜೀತದವನೂ ಬರೆಯಬಲ್ಲ, ವರಮಾನವೋ ಹೇಳಿದಷ್ಟು. ಈ ಲಕ್ಷಣವು ಅತಿವ್ಯಾಪ್ತಿಯಿಂದ ಕೆಟ್ಟಿತು. 1972ರಲ್ಲಿ ದೇವರಾಜ ಅರಸರ ಸರ್ಕಾರವು ಎಲ್.ಜಿ. ಹಾವನೂರರ ಆಯೋಗವನ್ನು ನೇಮಿಸಿ, 1975ರಲ್ಲಿ ವರದಿ ಬಂದು, ಅದರ ಮೇಲೆ ಮಾಡಿದ ಆಜ್ಞೆಗಳಲ್ಲಿ ಜಾತಿಯ ಮನೆಯು ನಮೂನೆಗೆ ಹಿಂದಿರುಗಿತು.

ಹೊರದೇಶಗಳ ಸಂಗತಿಯೂ ಇದಕ್ಕೆ ಸಂವಾದಿಯಾಗಿದೆ. ಅಮೆರಿಕದಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬದವರು ಅಲ್ಲಿನ ಅರ್ಜಿಗಳಲ್ಲಿ ‘ರೇಸ್’ ಎಂಬುದನ್ನು, ಅಂದರೆ ಜನಾಂಗವನ್ನು, ತಿಳಿಸುವುದುಂಟು. ಅಲ್ಲಿಯ ಜನಗಣತಿಯಲ್ಲಿ 1920ರಿಂದ 1940ರವರೆಗೆ ‘ಹಿಂದೂ’ ಎಂಬುದೇ ಒಂದು ಜನಾಂಗದ ಹೆಸರಾಗಿತ್ತು. ಪಂಜಾಬಿನ ಸಿಖ್ಖನೂ ಅದರಲ್ಲಿಯೇ ಸೇರುತ್ತಿದ್ದ. ಹಾಗೊಬ್ಬ ಸಿಖ್ಖನಾದ ಭಗತ್ ಸಿಂಗ್ ಥಿಂಡ್ ಬಿಳಿಯನಲ್ಲವೆಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತು ಪೌರತ್ವವನ್ನು ನಿರಾಕರಿಸಿತು. 1970ರ ಗಣತಿಯಲ್ಲಿ ಭಾರತೀಯರು ಬಿಳಿಯರ ಲೆಕ್ಕಕ್ಕೆ ಸೇರಿದರು. 1980ರಲ್ಲಿ ಅವರಿಗೆ ಬೇರೆ ಹೆಸರಾಯಿತು. ಮನುಷ್ಯರು ಹಾಗೆಯೇ ಇದ್ದರು, ಮನೆ ಮಾತ್ರ ಬದಲಾಯಿತು. 1964ರ ಪೌರಹಕ್ಕುಗಳ ಕಾಯಿದೆಯ ತರುವಾಯ ಅದೇ ಪ್ರಶ್ನೆಯನ್ನು ಪಕ್ಷಪಾತ ನಡೆಯುತ್ತಿದೆಯೇ ಎಂದು ನೋಡುವುದಕ್ಕಾಗಿ ಕೇಳತೊಡಗಿದರು. ಬ್ರಿಟನ್ನಿನ ಅನೇಕ ಸಂಸ್ಥೆಗಳಲ್ಲಿ ಈ ವಿವರವನ್ನು ಬೇರೆ ಹಾಳೆಯಲ್ಲಿ ಬರೆಯಿಸಿಕೊಂಡು ಆಯ್ಕೆ ಮಾಡುವವರ ಕಣ್ಣಿಗೆ ಬೀಳದಂತೆ ಇಡುತ್ತಾರೆ. ಹೇಳಲಿಚ್ಛೆಯಿಲ್ಲವೆಂದು ಗುರುತು ಹಾಕುವುದಕ್ಕೂ ಎಡೆಯಿರುತ್ತದೆ. ಈ ಬೇರೆ ಹಾಳೆಯ ಕಲ್ಪನೆಯು ನನಗೆ ಬಹಳ ಮೆಚ್ಚುಗೆಯಾಯಿತು. ಕೃಪನಿಗೆ ಕೇಳುವ ಅವಕಾಶವೇ ಅಲ್ಲಿಲ್ಲ.

ನಮ್ಮ ಸೀಮೆಗೆ ಮರಳೋಣ. ಶಾಲೆಯ ದಾಖಲಾತಿ ಪುಸ್ತಕವನ್ನು ಬರೆದವರಿಗೆ ಈ ಮನೆಯ ಮಹಿಮೆ ಚೆನ್ನಾಗಿ ಗೊತ್ತು. ಜೂನ್ ತಿಂಗಳಲ್ಲಿ ಕೂಲಿ ಬಿಟ್ಟು ಬಂದ ತಾಯಿಯನ್ನು ಜಾತಿ ಕೇಳಿದರೆ ‘ನಿಮಗೆ ಗೊತ್ತಿಲ್ಲೇನು ಮೇಷ್ಟ್ರೆ, ನಾವು ಮ್ಯಾಸರು’ ಎನ್ನುತ್ತಾಳೆ. ಅವಳ ಮಟ್ಟಿಗೆ ಉತ್ತರ ಪೂರ್ಣವಾಯಿತು. ಇನ್ನೂ ಕೇಳಿದರೆ ಬೆಡಗನ್ನೂ ದೇವರನ್ನೂ ಹೇಳುವಳು. ಮೇಷ್ಟರು ಅದನ್ನು ಸರ್ಕಾರದ ಪಟ್ಟಿಯ ಭಾಷೆಗೆ ತರ್ಜುಮೆ ಮಾಡಬೇಕು: ಮ್ಯಾಸಬೇಡ, ಬೇಡ, ನಾಯಕ, ವಾಲ್ಮೀಕಿ? ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು ನಾಯಕದ ಜೊತೆಗೆ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದುದು 1991ರಲ್ಲಿ. ಅದಕ್ಕೆ ಹಿಂದೆ ಒಂದೇ ಹಟ್ಟಿಯಲ್ಲಿ, ಒಂದೇ ದೇವರ ಒಕ್ಕಲಿನಲ್ಲಿ, ಒಬ್ಬನ ಪುಸ್ತಕದಲ್ಲಿ ‘ನಾಯಕ’ವೆಂದೂ ಅವನ ದಾಯಾದಿಯ ಪುಸ್ತಕದಲ್ಲಿ ‘ಬೇಡ’ವೆಂದೂ ಇದ್ದರೆ ಇಬ್ಬರ ಹಣೆಯ ಬರಹವೂ ಬೇರೆಯಾಗುವಂತಿತ್ತು. 2008ರಿಂದ ಮೊಳಕಾಲ್ಮೂರು, ಚಳ್ಳಕೆರೆಗಳೆರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳಾಗಿವೆಯೆಂದರೆ ಆ ಒಂದು ಪದದ ಭಾರವೆಷ್ಟೆಂಬುದನ್ನು ವಾಚಕರೇ ತೂಗಿ ನೋಡಬಹುದು. ಕಾಡುಗೊಲ್ಲರ ಸಂಕಟವು ಇನ್ನೂ ಹರಿದಿಲ್ಲ. ‘ಗೊಲ್ಲ’ವೆಂಬ ಒಂದೇ ಮಾತಿನಲ್ಲಿ ಊರುಗೊಲ್ಲರೊಡನೆ ಬೆರೆಸಿ ಬರೆದುದರಿಂದ ತಮ್ಮ ಬುಡಕಟ್ಟಿನ ಲಕ್ಷಣಗಳು ಕಾಗದದಲ್ಲಿ ಅಳಿಸಿಹೋದುವೆಂದು ಅವರು ಬಹುಕಾಲದಿಂದ ಹೇಳುತ್ತಿದ್ದಾರೆ. ಇವರಿಗೆ ಜಾತಿಯನ್ನು ಕೇಳಿದುದು ಅವಮಾನವಲ್ಲ. ಕೇಳಿ, ತಪ್ಪಾಗಿ ಬರೆದುಕೊಂಡುದೇ ಅವಮಾನ.

ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳಬೇಕು. ನಾವು ಪಾಠಶಾಲೆಗೆ ಸೇರಿದಾಗ ಗೋತ್ರಸೂತ್ರಶಾಖೆಗಳನ್ನು ಕೇಳಿದರು. ನಾವು ಹೆಮ್ಮೆಯಿಂದಲೇ ಒಪ್ಪಿಸಿದೆವು. ಉತ್ತರವು ಬಾಗಿಲನ್ನು ತೆರೆಯುತ್ತಿದ್ದುದರಿಂದ ಪ್ರಶ್ನೆಯು ಮುಳ್ಳಾಗಲಿಲ್ಲ. ಇಂದು ಅದೇ ಮನೆಗಳವರು ‘ಅರ್ಜಿಯಲ್ಲಿ ಜಾತಿಯನ್ನೇಕೆ ಕೇಳಬೇಕು, ಇದು ಯಾವ ಕಾಲ’ ಎಂದು ಖೇದಪಡುವುದನ್ನು ಕೇಳುತ್ತೇನೆ. ಖೇದವು ಸಹಜವಾಗಿರಬಹುದು, ಆದರೆ ಅದು ಹುಟ್ಟಿದ ತಾರೀಖು ಬಹಳ ಈಚಿನದು. ಮದುವೆಯ ಜಾಹೀರಾತಿನಲ್ಲಿಯೂ ಬಾಡಿಗೆಯ ಮನೆಯ ಬಾಗಿಲಲ್ಲಿಯೂ ಅವರೇ ಕೇಳುವ ಪ್ರಶ್ನೆಯ ವಿಷಯದಲ್ಲಿ ಅಂತಹ ಖೇದವು ಕಾಣುವುದಿಲ್ಲ.

ಹಾಗಾದರೆ ನಮೂನೆಯಲ್ಲಿ ದೋಷವೇ ಇಲ್ಲವೆಂದೇ? ಇದೆ, ದೊಡ್ಡದಾಗಿಯೇ ಇದೆ. ನಮ್ಮ ತಾಲೂಕಿನ ಅತಿ ಪ್ರಾಚೀನವಾದ ಸರ್ಕಾರೀ ಬರಹವು ಬ್ರಹ್ಮಗಿರಿಯ ಬಂಡೆಯ ಮೇಲಿದೆ; 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಪತ್ರವದು. ಮೊದಲು ಆರೋಗ್ಯವನ್ನು ವಿಚಾರಿಸುತ್ತದೆ; ಆಮೇಲೆ ಆಜ್ಞೆ. ಆಜ್ಞೆಗೆ ಕಾರಣವನ್ನೂ ಹೇಳುತ್ತದೆ: ದೊಡ್ಡವನಿಗೆ ಮಾತ್ರವಲ್ಲ, ಸಣ್ಣವನಿಗೂ ಪ್ರಯತ್ನದಿಂದ ಸ್ವರ್ಗವು ಸಾಧ್ಯ, ಅದನ್ನು ಎಲ್ಲರೂ ತಿಳಿಯಲೆಂದೇ ಈ ಘೋಷಣೆ ಎಂದು. ಅಶೋಕನ ಗದ್ಯವು ಸುಂದರವಾದುದೆಂದು ನಾನು ಹೇಳಲಾರೆ, ಪುನರುಕ್ತಿ ಬಹಳ. ಆದರೆ ಏತಕ್ಕಾಗಿ ಮಾತಾಡುತ್ತಿದ್ದೇನೆಂಬುದನ್ನು ಅದು ಎಲ್ಲಿಯೂ ಮುಚ್ಚಿಡುವುದಿಲ್ಲ. ನಮ್ಮ ನಮೂನೆಯಾದರೋ ‘ಜಾತಿ’ ಎಂದು ಬರೆದು, ಎರಡು ಚುಕ್ಕೆ ಇಟ್ಟು, ಸುಮ್ಮನಾಗುತ್ತದೆ. ಉತ್ತರವನ್ನು ಯಾರು ಓದುವರು, ಸಂದರ್ಶನ ಮಾಡುವವರ ಮೇಜಿಗೆ ಹೋಗುವುದೇ, ಮೀಸಲಾತಿಯನ್ನು ಬೇಡದವನೂ ಬರೆಯಲೇಬೇಕೇ, ಎಂಬುದಾವುದನ್ನೂ ಹೇಳುವುದಿಲ್ಲ. ಮೀಸಲಾತಿಯ ಕಾಯಿದೆಗೆ ಒಳಪಡದ ಖಾಸಗೀ ಅಂಗಡಿ, ಶಾಲೆ, ಕಾರ್ಖಾನೆಗಳವರು ಕೂಡ ಹಳೆಯ ನಮೂನೆಯನ್ನು ನಕಲು ಮಾಡಿ ಜಾತಿಯನ್ನು ಕೇಳುವುದುಂಟು. ಕೊಡುವುದಕ್ಕೆ ಏನೂ ಇಲ್ಲದವನು ಕೇಳಿದರೆ ಅದು ಕೃಪನ ಪ್ರಶ್ನೆಯೇ ಸರಿ. ಅಂತಹ ಕಡೆ ಆ ಸಾಲನ್ನು ಹೊಡೆದುಹಾಕಬೇಕು.

ಕಾರಣ ಹೇಳುವುದು ಅಸಾಧ್ಯವೇನಲ್ಲ. ರಾಜ್ಯದ ಹಿಂದುಳಿದ ವರ್ಗಗಳ ಆಯೋಗವು 2025ರ ಸೆಪ್ಟೆಂಬರ್ 22ರಂದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ಆರಂಭಿಸಿದಾಗ, ಅದೇ ವಾರದಲ್ಲಿ ಹೈಕೋರ್ಟು ಮಧ್ಯೆ ಪ್ರವೇಶಿಸಿತು. ವಿವರ ಕೊಡುವುದು ಜನರ ಇಚ್ಛೆಗೆ ಸೇರಿದ್ದು, ಅದನ್ನು ಅವರಿಗೆ ಮೊದಲೇ ತಿಳಿಸಬೇಕು, ಕೊಟ್ಟ ವಿವರವನ್ನು ಬೇರೆ ಯಾರಿಗೂ ಹೊರಗೆಡಹಕೂಡದು ಎಂದು ವಿಧಿಸಿತು. ಗಣತಿಗೆ ಹೋದವರು ಬಹುಮಂದಿ ನಮ್ಮ ಶಾಲಾ ಉಪಾಧ್ಯಾಯರೇ. ಮನೆಯ ಜಗುಲಿಯಲ್ಲಿ ಹೇಳಬಹುದಾದ ಈ ಮಾತನ್ನು ಉದ್ಯೋಗದ ಅರ್ಜಿಯಲ್ಲಿ ಎರಡು ಸಾಲಾಗಿ ಅಚ್ಚುಹಾಕಿಸಲು ಯಾವ ಅಡ್ಡಿಯಿದೆಯೋ ತಿಳಿಯದು.

ಕೊನೆಗೆ ಜಬಾಲೆಯ ಮಗನ ಮಾತು. ಅವನಂತಹ ಅರ್ಜಿದಾರರು ಈಗ ಹೆಚ್ಚುತ್ತಿದ್ದಾರೆ: ತಂದೆಯೊಂದು ಜಾತಿ, ತಾಯಿಯೊಂದು ಜಾತಿ; ಅಥವಾ ತಂದೆಯ ಸುಳಿವೇ ಇಲ್ಲದೆ ತಾಯಿಯೊಬ್ಬಳೇ ಸಾಕಿದ ಮಕ್ಕಳು. ತಂದೆಯ ಜಾತಿಯೇ ಮಗುವಿನದೆಂಬುದು ಕೊನೆಯ ಮಾತಲ್ಲ, ತಾಯಿಯ ಜನರ ನಡುವೆ ಅವರ ಕಷ್ಟಗಳನ್ನೇ ಉಂಡು ಬೆಳೆದುದನ್ನು ತೋರಿಸಿಕೊಟ್ಟರೆ ತಾಯಿಯ ಜಾತಿಯನ್ನು ಪರಿಗಣಿಸಬಹುದೆಂದು 2012ರಲ್ಲಿ ರಮೇಶಭಾಯಿ ದಾಭಾಯಿ ನಾಯಿಕಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹುಡುಗನು ಹೇಗೆ ಬೆಳೆದನೆಂದು ವಿಚಾರಿಸಿ ತೀರ್ಮಾನಿಸಿರಿ ಎಂಬುದೇ ಅದರ ತಾತ್ಪರ್ಯ. ಹಾಗೆ ವಿಚಾರಿಸಬೇಕಾದರೆ ಕೇಳುವವನಿಗೆ ಗೌತಮನ ವ್ಯವಧಾನವಿರಬೇಕು, ಉತ್ತರಕ್ಕೆ ಒಂದು ವಾಕ್ಯದಷ್ಟಾದರೂ ಸ್ಥಳವಿರಬೇಕು. ನಾನು ನೋಡಿರುವ ನಮೂನೆಗಳಲ್ಲಿ ಆ ಮನೆಯ ಅಗಲವು ಒಂದು ಪದಕ್ಕೆ ಮಾತ್ರ ಸಾಲುತ್ತದೆ.